ಎಳೆಯ ತಂಡಕ್ಕೆ ಎಂತಹ ಗುರು?



ಆಟದ ಶಿಕ್ಷಕನ ಯೋಗ್ಯತೆಯನ್ನು ಅಳೆಯುವುದಕ್ಕೆ ಲೋಕವು ಸಾಮಾನ್ಯವಾಗಿ ಒಂದೇ ಅಳತೆಗೋಲನ್ನು ಇಟ್ಟುಕೊಂಡಿರುವುದು. ಆತನ ತಂಡವು ಎಷ್ಟು ಪಂದ್ಯಗಳನ್ನು ಗೆದ್ದಿತು, ಎಷ್ಟನ್ನು ಸೋತಿತು ಎಂಬುದೇ ಆ ಕೋಲು. ನುರಿತ ಆಟಗಾರರಿಂದ ತುಂಬಿದ ತಂಡದ ವಿಷಯದಲ್ಲಿ ಈ ಅಳತೆ ಒಂದು ಮಟ್ಟಿಗೆ ಸರಿ. ಆದರೆ ತಂಡವು ಇನ್ನೂ ಎಳೆಯದಾಗಿ, ಅದರ ಹುಡುಗರು ಹತ್ತೊಂಬತ್ತು ಇಪ್ಪತ್ತರ ಪ್ರಾಯದವರಾಗಿ, ಕಲಿಯಬೇಕಾದುದು ಕಲಿತುದಕ್ಕಿಂತ ಹೆಚ್ಚಾಗಿರುವಾಗ ಈ ಕೋಲು ಮೋಸಮಾಡುವುದು. ಅಂತಹ ತಂಡಕ್ಕೆ ಎಂತಹ ಶಿಕ್ಷಕನು ಒಪ್ಪುವನು? ಗೆಲ್ಲಿಸಬಲ್ಲವನೇ, ಬೆಳೆಸಬಲ್ಲವನೇ? ಇವೆರಡೂ ಒಂದೇ ಗುಣವೇ, ಬೇರೆಬೇರೆಯೇ? ಈ ಪ್ರಶ್ನೆಯನ್ನು ಬ್ಯಾಸ್ಕೆಟ್‌ಬಾಲ್ ಆಟದ ಚರಿತ್ರೆಯಿಂದ ಆರಿಸಿದ ಕೆಲವು ನಿದರ್ಶನಗಳ ಮೂಲಕ ವಿಚಾರಮಾಡೋಣ.

ಈ ಆಟವನ್ನು ನಿಮ್ಮಲ್ಲಿ ಕೆಲವರು ನೋಡದೆಯೇ ಇರಬಹುದು. ಅದರಿಂದ ಬಾಧಕವಿಲ್ಲ. ಹುಡುಗರನ್ನು ತಮ್ಮ ಕೈಗೆ ಒಪ್ಪಿಸಿಕೊಂಡಿರುವ ಯಾರಿಗಾದರೂ, ಅವರು ಶಾಲೆಯ ಉಪಾಧ್ಯಾಯರಾಗಲಿ, ಸಂಗೀತದ ಗುರುಗಳಾಗಲಿ, ಕಾರ್ಖಾನೆಯ ಮೇಸ್ತ್ರಿಯಾಗಲಿ, ಈ ಪ್ರಶ್ನೆಯು ದಿನವೂ ಎದುರಾಗುವುದೇ ಆಗಿದೆ. ಆಟದ ಅಂಗಣದಲ್ಲಿ ಅದಕ್ಕೆ ಉತ್ತರವು ಎಲ್ಲರ ಕಣ್ಣೆದುರಿಗೆ, ಅಂಕಿಗಳ ರೂಪದಲ್ಲಿ ದೊರೆಯುವುದು. ಅಷ್ಟೇ ವ್ಯತ್ಯಾಸ.

ಮೊದಲು ಆಟದ ಹುಟ್ಟನ್ನು ಕುರಿತು ಎರಡು ಮಾತು. 1891ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಈ ಆಟವನ್ನು ಕಲ್ಪಿಸಿದರು. ಹೊರಗೆ ಕಡುಚಳಿ. ಒಳಗೆ ಬೇಸತ್ತ ವಿದ್ಯಾರ್ಥಿಗಳು. ಅವರನ್ನು ಚಟುವಟಿಕೆಯಿಂದಿರಿಸಲು ನೈಸ್ಮಿತ್‌ರವರು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಎರಡು ಕೊನೆಗಳಲ್ಲಿ ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು, ಚೆಂಡನ್ನು ಆ ಬುಟ್ಟಿಗೆ ಹಾಕುವ ಆಟವನ್ನು ಆಡಿಸಿದರು. ಆ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಶಿಕ್ಷಣ ಪಡೆದ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣ ಭಾರತದ ಅನೇಕ ವ್ಯಾಯಾಮ ಶಿಕ್ಷಕರು ಅಲ್ಲಿಯೇ ತಯಾರಾದವರು. ಆದುದರಿಂದ ಈ ಆಟಕ್ಕೂ ನಮಗೂ ಗುರುಪರಂಪರೆಯ ಸಂಬಂಧವೊಂದು ಇದ್ದೇ ಇದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಆಟವನ್ನು ಸೃಷ್ಟಿಸಿದ ನೈಸ್ಮಿತ್‌ರವರು ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ತಂಡವನ್ನು ನಡೆಸಿದರು. ಅವರ ಕಾಲದಲ್ಲಿ ಆ ತಂಡ ಗೆದ್ದುದು 55 ಪಂದ್ಯ, ಸೋತದ್ದು 60. ಆ ವಿಶ್ವವಿದ್ಯಾನಿಲಯದ ಶಿಕ್ಷಕರ ಸಾಲಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವುದು ಅವರೊಬ್ಬರಿಗೆ ಮಾತ್ರ. ಈ ಆಟವನ್ನು ಆಡಬೇಕೇ ಹೊರತು ಕಲಿಸಲಾಗದು ಎಂದು ಅವರು ತಮ್ಮ ಶಿಷ್ಯ ಫಾರೆಸ್ಟ್ ಆಲನ್‌ರಿಗೆ ಹೇಳಿದರೆಂದು ಪ್ರತೀತಿ. ಶಿಷ್ಯನು ಗುರುವಿನ ಆ ಒಂದು ಮಾತನ್ನು ಮಾತ್ರ ಕೇಳಲಿಲ್ಲ. ಆಲನ್‌ರವರು ಅದೇ ಕ್ಯಾನ್ಸಸ್‌ನಲ್ಲಿ 1956ರವರೆಗೆ ಶಿಕ್ಷಕರಾಗಿ, ಈ ಆಟದ ಶಿಕ್ಷಣಕಲೆಗೇ ಪಿತಾಮಹರೆನಿಸಿದರು. ಅಡಾಲ್ಫ್ ರಪ್, ಡೀನ್ ಸ್ಮಿತ್ ಮೊದಲಾದ ಹೆಸರಾಂತ ಶಿಕ್ಷಕರು ಅವರ ಕೈಯಲ್ಲಿ ಪಳಗಿದ ಹುಡುಗರು. ಹಾಗಾದರೆ ಸೋಲಿನ ಲೆಕ್ಕವುಳ್ಳ ನೈಸ್ಮಿತ್‌ರನ್ನು ಅಯೋಗ್ಯ ಗುರುವೆನ್ನೋಣವೇ? ಗುರುವಿನ ಬೆಲೆಯು ಕೆಲವೊಮ್ಮೆ ಅವನ ಪಟ್ಟಿಯಲ್ಲಿರದೆ ಶಿಷ್ಯರ ಪಟ್ಟಿಯಲ್ಲಿರುವುದು ಎಂಬುದಕ್ಕೆ ಆಟದ ಮೊದಲ ಪುಟದಲ್ಲಿಯೇ ಸಾಕ್ಷಿಯಿದೆ.

ಈ ಆಟದಲ್ಲಿ ಶಿಕ್ಷಕನ ಸ್ಥಾನವು ವಿಶೇಷವಾದುದು. ಕ್ರಿಕೆಟ್ಟಿನಲ್ಲಿ ಆಟವು ನಡೆಯುತ್ತಿರುವಾಗ ತಂಡದ ನಾಯಕನೇ ದೊರೆ, ಶಿಕ್ಷಕನು ಗ್ಯಾಲರಿಯಲ್ಲಿ ಕುಳಿತ ಪ್ರೇಕ್ಷಕ. ಬ್ಯಾಸ್ಕೆಟ್‌ಬಾಲಿನಲ್ಲಿ ಅಂಗಣವು 94 ಅಡಿ ಉದ್ದ, 50 ಅಡಿ ಅಗಲ ಮಾತ್ರ. ಶಿಕ್ಷಕನು ಅದರ ಅಂಚಿನಲ್ಲಿಯೇ ನಿಂತಿರುವನು. ಅವನ ಧ್ವನಿಯು ಹುಡುಗರ ಕಿವಿಗೆ ಬೀಳುವುದು, ಅವನ ಮುಖಭಾವವು ಅವರ ಕಣ್ಣಿಗೆ ಕಾಣುವುದು. ಅಂಗಣದಲ್ಲಿರುವ ಐವರಲ್ಲಿ ಯಾರನ್ನಾದರೂ ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿ ಇನ್ನೊಬ್ಬನನ್ನು ಕಳುಹಿಸುವ ಅಧಿಕಾರವೂ ಅವನದೇ. ಎಳೆಯ ಆಟಗಾರನೊಬ್ಬನು ಚೆಂಡನ್ನು ಕೈಬಿಟ್ಟ ಮರುಕ್ಷಣದಲ್ಲಿ ತನಗರಿವಿಲ್ಲದೆಯೇ ಬೆಂಚಿನ ಕಡೆ ತಿರುಗಿ ನೋಡುವನು. ಆ ಒಂದು ನೋಟದಲ್ಲಿ ಗುರುಶಿಷ್ಯರ ಸಂಬಂಧವೆಲ್ಲವೂ ಅಡಗಿರುವುದು. ಅಲ್ಲಿ ಅವನಿಗೆ ಕಾಣುವುದು ಸಿಟ್ಟೇ, ಅಲಕ್ಷ್ಯವೇ, ಅಥವಾ ‘ಮುಂದಿನ ಸಲ ಹೀಗೆ ಮಾಡು’ ಎಂಬ ಸನ್ನೆಯೇ?

ಇನ್ನು ಎಳೆಯ ತಂಡವು ಹೇಗೆ ಉಂಟಾಗುವುದೆಂಬುದನ್ನು ತಿಳಿಯಬೇಕು. ಅಮೆರಿಕೆಯ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘದಲ್ಲಿ, ಅಂದರೆ ಎನ್.ಬಿ.ಎ.ಯಲ್ಲಿ, 30 ತಂಡಗಳಿವೆ. ಪ್ರತಿಯೊಂದು ತಂಡವೂ ವರ್ಷಕ್ಕೆ 82 ಪಂದ್ಯಗಳನ್ನು ಆಡುವುದು. ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಕ್ರಮವುಂಟು. ಅದರಲ್ಲಿ, ಕೆಳಗುಳಿದ ತಂಡಗಳಿಗೆ ಮೊದಲಾಗಿ ಆರಿಸುವ ಅವಕಾಶ ಹೆಚ್ಚು. ಹೀಗಾಗಿ ದುರ್ಬಲವಾದ ತಂಡಕ್ಕೇ ಪ್ರತಿಭಾವಂತರಾದ ಹುಡುಗರು ಬಂದು ಸೇರುವರು. ಬಂದವರು ಬಾಲಕರಷ್ಟೆ. ಕೈಯಲ್ಲಿ ಹಣವಿದೆ, ದೇಹದಲ್ಲಿ ಕಸುವಿದೆ, ತಾಳ್ಮೆಯೂ ಅನುಭವವೂ ಇಲ್ಲ. ಅವರ ಶಿಕ್ಷಕನ ಮೇಲೆ ಎರಡು ಋಣಗಳು ಬೀಳುವುವು. ಇಂದಿನ ಪಂದ್ಯವನ್ನು ಗೆಲ್ಲಬೇಕೆಂಬುದು ಒಂದು, ಈ ಹುಡುಗನನ್ನು ನಾಳಿನ ಆಟಗಾರನನ್ನಾಗಿ ಮಾಡಬೇಕೆಂಬುದು ಇನ್ನೊಂದು. ಇಂದಿನ ಗೆಲುವಿಗೆ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ ಹಳಬನನ್ನು ಆಡಿಸುವುದು ಲೇಸು. ನಾಳಿನ ಬೆಳವಣಿಗೆಗೆ ಹುಡುಗನೇ ಆಡಿ ತಪ್ಪಬೇಕು. ಈ ಎರಡು ಋಣಗಳ ನಡುವಣ ಹಗ್ಗದ ಮೇಲೆ ನಡೆಯುವುದೇ ಎಳೆಯ ತಂಡದ ಶಿಕ್ಷಕನ ಕಷ್ಟ.

ಮೊದಲನೆಯ ನಿದರ್ಶನವಾಗಿ ಮಿನ್ನೆಸೋಟ ತಂಡವನ್ನು ತೆಗೆದುಕೊಳ್ಳೋಣ. 2004ರ ಅನಂತರ ಆ ತಂಡವು ವರ್ಷಾಂತ್ಯದ ನಿರ್ಣಾಯಕ ಪಂದ್ಯಗಳಿಗೆ ಒಮ್ಮೆಯೂ ಏರಿರಲಿಲ್ಲ. ಆದರೆ 2016ರ ವೇಳೆಗೆ ಆಂಡ್ರೂ ವಿಗ್ಗಿನ್ಸ್, ಕಾರ್ಲ್ ಆಂಟನಿ ಟೌನ್ಸ್ ಎಂಬ ಇಬ್ಬರು ಯುವಕರು ಅಲ್ಲಿದ್ದರು. 2015ರಲ್ಲಿ ಒಬ್ಬರಿಗೆ, 2016ರಲ್ಲಿ ಇನ್ನೊಬ್ಬರಿಗೆ, ಆ ವರ್ಷದ ಅತ್ಯುತ್ತಮ ಹೊಸ ಆಟಗಾರನೆಂಬ ಪ್ರಶಸ್ತಿ ಬಂದಿತ್ತು. ಜೊತೆಗೆ ಜ್ಯಾಕ್ ಲವೀನ್ ಎಂಬ ಮೂರನೆಯ ತರುಣ. ಇಂತಹ ತಂಡಕ್ಕೆ 2016ರ ಏಪ್ರಿಲ್‌ನಲ್ಲಿ ಟಾಮ್ ಥಿಬೊಡೊ ಅವರು ಶಿಕ್ಷಕರಾಗಿ ಬಂದರು. ಆಟಗಾರರನ್ನು ಕೊಳ್ಳುವ ಮಾರುವ ಅಧಿಕಾರವನ್ನೂ ಅವರಿಗೇ ಕೊಡಲಾಯಿತು.

ಥಿಬೊಡೊ ಅವರು ಸಾಮಾನ್ಯರಲ್ಲ. ಎದುರಾಳಿಯ ಆಟವನ್ನು ತಡೆಯುವ ಕಲೆಯಲ್ಲಿ ಅವರು ಆಚಾರ್ಯರು. 2008ರಲ್ಲಿ ಬಾಸ್ಟನ್ ತಂಡವು ಚಾಂಪಿಯನ್ ಆದಾಗ ಅಲ್ಲಿ ಸಹಾಯಕ ಶಿಕ್ಷಕರಾಗಿದ್ದರು. 2010ರಲ್ಲಿ ಷಿಕಾಗೋ ತಂಡಕ್ಕೆ ಮುಖ್ಯ ಶಿಕ್ಷಕರಾಗಿ ಬಂದು, ಹಿಂದಿನ ವರ್ಷ 41 ಪಂದ್ಯ ಗೆದ್ದಿದ್ದ ಆ ತಂಡವನ್ನು ಒಂದೇ ವರ್ಷದಲ್ಲಿ 62 ಗೆಲುವಿಗೆ ಏರಿಸಿದರು. ಅವರ ಕೈಕೆಳಗೆ ಡೆರಿಕ್ ರೋಸ್ ಎಂಬ ಯುವಕನು 22ನೆಯ ವಯಸ್ಸಿನಲ್ಲಿಯೇ ಇಡೀ ಸಂಘದ ಅತ್ಯಂತ ಶ್ರೇಷ್ಠ ಆಟಗಾರನೆನಿಸಿದನು. ಅದಕ್ಕಿಂತ ಎಳೆಯ ವಯಸ್ಸಿನಲ್ಲಿ ಆ ಗೌರವವನ್ನು ಪಡೆದವರು ಇಲ್ಲ. ಆದರೆ ಮರುವರ್ಷ, 2012ರ ಏಪ್ರಿಲ್ 28ರಂದು, ಪಂದ್ಯವು ಮುಗಿಯಲು ಒಂದೆರಡು ನಿಮಿಷ ಮಾತ್ರ ಉಳಿದು ತಂಡವು ಹನ್ನೆರಡು ಅಂಕಗಳಿಂದ ಮುಂದಿದ್ದಾಗ, ಅಂಗಣದಲ್ಲಿಯೇ ಇದ್ದ ರೋಸ್‌ನ ಮೊಣಕಾಲಿನ ಕಟ್ಟು ಹರಿದುಹೋಯಿತು. ಅದು ದೈವದ ಆಟವೆಂದು ಕೆಲವರು ಹೇಳುವರು. ಗೆದ್ದ ಪಂದ್ಯದಲ್ಲಿ ಹುಡುಗನನ್ನು ಕೊನೆಯವರೆಗೆ ಉಳಿಸಿದ್ದೇಕೆಂದು ಕೇಳಿದವರೂ ಉಂಟು. ಗಾಯವು ಯಾವ ನಿಮಿಷದಲ್ಲಿ ಬೇಕಾದರೂ ಆಗಬಹುದಾದುದರಿಂದ ಆ ತೀರ್ಪನ್ನು ನಾವು ಕೊಡಬೇಕಾಗಿಲ್ಲ. ಆದರೆ ಒಂದು ನಿಮಿಷವನ್ನೂ ಬಿಟ್ಟುಕೊಡದ ಅವರ ಸ್ವಭಾವವನ್ನು ಮಾತ್ರ ನೆನಪಿನಲ್ಲಿಡೋಣ.

ಮಿನ್ನೆಸೋಟದಲ್ಲಿಯೂ ಆ ಸ್ವಭಾವವೇ ನಡೆಯಿತು. 2016–17ರಲ್ಲಿ 48 ನಿಮಿಷಗಳ ಪಂದ್ಯದಲ್ಲಿ ಟೌನ್ಸ್, ವಿಗ್ಗಿನ್ಸ್, ಲವೀನ್ ಮೂವರೂ ಸರಾಸರಿ ಸುಮಾರು 37 ನಿಮಿಷ ಆಡಿದರು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರಿಗೆ ಆಡುವ ಅವಕಾಶವು ದೊರೆಯಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಫೆಬ್ರವರಿಯಲ್ಲಿ ಲವೀನ್‌ನ ಮೊಣಕಾಲಿನ ಕಟ್ಟೂ ಹರಿಯಿತು. ತಂಡವು ಗೆದ್ದುದು 31 ಪಂದ್ಯ. ಶಿಕ್ಷಕರಿಗೆ ತಾಳ್ಮೆ ಸಾಲದಾಯಿತು. 2017ರ ಜೂನ್‌ನಲ್ಲಿ ಲವೀನ್‌ನನ್ನೂ, ಕ್ರಿಸ್ ಡನ್ ಎಂಬ ಇನ್ನೊಬ್ಬ ತರುಣನನ್ನೂ, ಆ ವರ್ಷದ ಏಳನೆಯ ಆಯ್ಕೆಯನ್ನೂ ಷಿಕಾಗೋವಿಗೆ ಕೊಟ್ಟು, ತಮ್ಮ ಹಳೆಯ ಶಿಷ್ಯನಾದ ಜಿಮ್ಮಿ ಬಟ್ಲರ್ ಎಂಬ ನುರಿತ ಆಟಗಾರನನ್ನು, ಹದಿನಾರನೆಯ ಆಯ್ಕೆಯೊಂದಿಗೆ, ತೆಗೆದುಕೊಂಡರು.

ಫಲವು ಕೂಡಲೇ ಕಂಡಿತು. 2017–18ರಲ್ಲಿ 47 ಗೆಲುವು. ವರ್ಷದ ಕೊಟ್ಟಕೊನೆಯ ಪಂದ್ಯದಲ್ಲಿ, ನಿಗದಿಯಾದ ಕಾಲ ಮುಗಿದು ಹೆಚ್ಚಿನ ಕಾಲ ಆಡಿ, ಡೆನ್ವರ್ ತಂಡವನ್ನು ಸೋಲಿಸಿ, ಹದಿನಾಲ್ಕು ವರ್ಷಗಳ ತರುವಾಯ ತಂಡವು ನಿರ್ಣಾಯಕ ಘಟ್ಟಕ್ಕೆ ಏರಿತು. ಊರು ಹಬ್ಬ ಮಾಡಿತು. ಆದರೆ ಮೊದಲ ಸುತ್ತಿನಲ್ಲಿಯೇ ಹ್ಯೂಸ್ಟನ್‌ಗೆ ಸೋಲು. ಆರು ತಿಂಗಳೊಳಗೆ ಹಳಬನಿಗೂ ಹುಡುಗರಿಗೂ ಮನಸ್ಸು ಮುರಿದಿತ್ತು. ಬಟ್ಲರ್ ಹೊರಟುಹೋದನು. 2019ರ ಜನವರಿ 6ರಂದು, ತಂಡವು ಒಂದು ಪಂದ್ಯವನ್ನು 22 ಅಂಕಗಳಿಂದ ಗೆದ್ದ ದಿನವೇ, ಥಿಬೊಡೊ ಅವರಿಗೆ ಬೀಳ್ಕೊಡಲಾಯಿತು. ಆಗ ತಂಡದ ಲೆಕ್ಕವು 19 ಗೆಲುವು, 21 ಸೋಲು.

ಉಳಿದ ಕಥೆಯೇ ನಮಗೆ ಮುಖ್ಯ. ಕೊಟ್ಟುಬಿಟ್ಟ ಲವೀನ್ 2021ರಲ್ಲಿಯೂ 2022ರಲ್ಲಿಯೂ ಆಯ್ದ ಶ್ರೇಷ್ಠರ ಪಂದ್ಯಕ್ಕೆ ಕರೆಯಲ್ಪಟ್ಟನು. ಆ ಏಳನೆಯ ಆಯ್ಕೆಯಿಂದ ಷಿಕಾಗೋ ಪಡೆದ ಲಾರಿ ಮಾರ್ಕನೆನ್ ಎಂಬ ಹುಡುಗನು 2023ರಲ್ಲಿ ಅದೇ ಗೌರವಕ್ಕೆ ಪಾತ್ರನಾದನು. ಮಿನ್ನೆಸೋಟದಲ್ಲಿ ಉತ್ಸಾಹವಿಲ್ಲದವನೆಂದು ಜನರಿಂದ ಮೂದಲಿಸಿಕೊಂಡಿದ್ದ ವಿಗ್ಗಿನ್ಸ್, 2020ರಲ್ಲಿ ಗೋಲ್ಡನ್ ಸ್ಟೇಟ್ ತಂಡಕ್ಕೆ ಹೋಗಿ, 2022ರಲ್ಲಿ ಅದು ಚಾಂಪಿಯನ್ ಆದಾಗ ಅದರ ಆಧಾರಸ್ತಂಭಗಳಲ್ಲಿ ಒಬ್ಬನಾಗಿದ್ದನು. ಬೀಜದಲ್ಲಿ ಸತ್ತ್ವವಿಲ್ಲದಿರಲಿಲ್ಲ. ಪೈರು ಬಲಿಯುವ ಮೊದಲೇ ಕುಯಿಲಿಗೆ ಕುಡುಗೋಲು ಹಿಡಿದುದಾಯಿತು, ಅಷ್ಟೆ.

ಹಾಗೆಂದು ಥಿಬೊಡೊ ಅವರು ಕೆಟ್ಟ ಶಿಕ್ಷಕರೆಂದರೆ ಅನ್ಯಾಯವಾದೀತು. 2020ರಲ್ಲಿ ನ್ಯೂಯಾರ್ಕ್ ತಂಡಕ್ಕೆ ಹೋಗಿ, ಏಳು ವರ್ಷಗಳಿಂದ ಮೇಲೇಳದಿದ್ದ ಅದನ್ನು ಮೊದಲ ವರ್ಷದಲ್ಲಿಯೇ ಎಬ್ಬಿಸಿ, 2021ರಲ್ಲಿ ವರ್ಷದ ಶಿಕ್ಷಕನೆಂಬ ಪ್ರಶಸ್ತಿಯನ್ನು ಎರಡನೆಯ ಸಲ ಪಡೆದರು. 2025ರಲ್ಲಿ ಆ ತಂಡವನ್ನು, 25 ವರ್ಷಗಳ ಮೇಲೆ, ಪೂರ್ವ ವಿಭಾಗದ ಕೊನೆಯ ಸುತ್ತಿಗೆ ಕೊಂಡೊಯ್ದರು. ಅಲ್ಲಿದ್ದವರು ಬಹುಮಟ್ಟಿಗೆ ಬಲಿತ ಆಟಗಾರರು. ಮನುಷ್ಯನು ಅವನೇ, ವಿದ್ಯೆಯೂ ಅದೇ. ಹೊಲ ಮಾತ್ರ ಬೇರೆ. ‘ಒಳ್ಳೆಯ ಶಿಕ್ಷಕನೇ?’ ಎಂಬ ಪ್ರಶ್ನೆಯೂ ‘ಈ ತಂಡಕ್ಕೆ ಒಪ್ಪುವ ಶಿಕ್ಷಕನೇ?’ ಎಂಬ ಪ್ರಶ್ನೆಯೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಹಾಗಾದರೆ ಎಳೆಯರ ಶಿಕ್ಷಕನಿಗೆ ತಾಳ್ಮೆಯೊಂದಿದ್ದರೆ ಸಾಕೇ? ಸಾಲದು. ಇದಕ್ಕೆ ಫಿಲಡೆಲ್ಫಿಯ ತಂಡವೇ ಉದಾಹರಣೆ. 2013ರಲ್ಲಿ ಅಲ್ಲಿಗೆ ಬ್ರೆಟ್ ಬ್ರೌನ್ ಅವರು ಬಂದರು. ಈಗ ಸೋತರೂ ಚಿಂತೆಯಿಲ್ಲ, ಮುಂದಕ್ಕೆ ಒಳ್ಳೆಯ ಹುಡುಗರನ್ನು ಕೂಡಿಸಿಕೊಳ್ಳೋಣ ಎಂಬುದು ಅಲ್ಲಿನ ಆಡಳಿತದ ಧೋರಣೆ. ಮೊದಲ ವರ್ಷ 19 ಗೆಲುವು, ಎರಡನೆಯ ವರ್ಷ 18, ಮೂರನೆಯ ವರ್ಷ 10. ಮೂರು ವರ್ಷಗಳ 246 ಪಂದ್ಯಗಳಲ್ಲಿ 199 ಸೋಲು. ಇಷ್ಟು ಸೋಲನ್ನು ನುಂಗಿಯೂ ಹುಡುಗರ ಮೇಲೆ ಸಿಡುಕದೆ, ಎದೆಗುಂದದೆ, ದಿನವೂ ಅಭ್ಯಾಸಕ್ಕೆ ಬಂದು ನಿಂತ ಬ್ರೌನ್ ಅವರ ಸೌಜನ್ಯವು ದೊಡ್ಡದು. 2017–18ರಲ್ಲಿ ಜೋಯಲ್ ಎಂಬೀಡ್, ಬೆನ್ ಸಿಮನ್ಸ್ ಎಂಬ ತರುಣರ ಬಲದಿಂದ ತಂಡವು 52 ಪಂದ್ಯಗಳನ್ನು ಗೆದ್ದಿತು.

ಆದರೆ ಅಲ್ಲಿಂದ ಮುಂದಕ್ಕೆ ದಾರಿ ಸಾಗಲಿಲ್ಲ. ಸಿಮನ್ಸ್ ಎಲ್ಲ ಬಲ್ಲವನು, ದೂರದಿಂದ ಬುಟ್ಟಿಗೆ ಎಸೆಯುವುದೊಂದನ್ನು ಬಿಟ್ಟು. ಈ ಆಟದಲ್ಲಿ ಒಂದು ಗೆರೆಯ ಆಚೆಯಿಂದ ಎಸೆದು ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ. ಪ್ರತಿ ಪಂದ್ಯದಲ್ಲಿಯೂ ಒಂದಾದರೂ ಅಂತಹ ಎಸೆತವನ್ನು ಆತನು ಪ್ರಯತ್ನಿಸಬೇಕೆಂದು 2019ರ ಡಿಸೆಂಬರ್‌ನಲ್ಲಿ ಶಿಕ್ಷಕರು ಬಹಿರಂಗವಾಗಿ ಹೇಳಿದರು. ಶಿಷ್ಯನು ಅದನ್ನು ನಡೆಸಲಿಲ್ಲ. ಗುರುವೂ ನಡೆಸಿಸಲಾರದೆ ಹೋದರು. ಎರಡನೆಯ ಸುತ್ತನ್ನು ದಾಟದೆ, 2020ರ ಆಗಸ್ಟಿನಲ್ಲಿ ಅವರೂ ನಿರ್ಗಮಿಸಿದರು. ಸೋಲನ್ನು ತಾಳಿಕೊಳ್ಳುವುದು ಬೇರೆ, ತಪ್ಪನ್ನು ತಿದ್ದುವುದು ಬೇರೆ. ಪ್ರೀತಿಯಿಂದ ಬಂದುದಾದರೂ, ತಿದ್ದದೆ ಬಿಟ್ಟ ತಪ್ಪು ಹುಡುಗನ ಸ್ವಭಾವವಾಗಿ ಉಳಿದುಬಿಡುವುದು.

ಮೂರನೆಯ ನಿದರ್ಶನವು ಸ್ವಲ್ಪ ಹಿಂದಿನದು. 1986ರಲ್ಲಿ ಷಿಕಾಗೋ ತಂಡಕ್ಕೆ ಡಗ್ ಕಾಲಿನ್ಸ್ ಎಂಬುವರು ಶಿಕ್ಷಕರಾದರು. ಅವರಿಗೇ ಆಗ 34 ವರ್ಷ. ತಂಡದಲ್ಲಿ ಮೈಕೇಲ್ ಜಾರ್ಡನ್ ಎಂಬ 23ರ ಯುವಕ. 1987ರಲ್ಲಿ ಸ್ಕಾಟಿ ಪಿಪ್ಪನ್, ಹೊರೇಸ್ ಗ್ರಾಂಟ್ ಎಂಬ ಇನ್ನಿಬ್ಬರು ಹುಡುಗರು ಬಂದು ಸೇರಿದರು. ಕಾಲಿನ್ಸ್ ಅವರದು ಉತ್ಸಾಹದ, ಉದ್ವೇಗದ ಪ್ರಕೃತಿ. ಹಿಂದಿನ ವರ್ಷ 30 ಪಂದ್ಯ ಗೆದ್ದಿದ್ದ ತಂಡವು ಅವರ ಮೊದಲ ವರ್ಷದಲ್ಲಿ 40, ಎರಡನೆಯ ವರ್ಷದಲ್ಲಿ 50 ಪಂದ್ಯಗಳನ್ನು ಗೆದ್ದಿತು. 1989ರಲ್ಲಿ ಪೂರ್ವ ವಿಭಾಗದ ಕೊನೆಯ ಸುತ್ತಿಗೆ ಬಂದು ಡೆಟ್ರಾಯಿಟ್ ತಂಡಕ್ಕೆ ಸೋತಿತು. ಮಲಗಿದ್ದ ತಂಡವನ್ನು ಎಬ್ಬಿಸಲು ಆ ಉದ್ವೇಗವೇ ಮದ್ದಾಗಿತ್ತು. ಎದ್ದ ಮೇಲೆ ಅದು ಭಾರವಾಯಿತು. ಆ ವರ್ಷದ ಜುಲೈನಲ್ಲಿ ಅವರನ್ನು ತೆಗೆದು, ಅವರ ಸಹಾಯಕರಾಗಿದ್ದ ಫಿಲ್ ಜ್ಯಾಕ್ಸನ್ ಅವರಿಗೆ ತಂಡವನ್ನು ಒಪ್ಪಿಸಲಾಯಿತು.

ಜ್ಯಾಕ್ಸನ್ ಅವರು ಟೆಕ್ಸ್ ವಿಂಟರ್ ಎಂಬ ವೃದ್ಧ ಸಹಾಯಕರ ‘ತ್ರಿಕೋಣ’ ಪದ್ಧತಿಯನ್ನು ಜಾರಿಗೆ ತಂದರು. ಚೆಂಡು ಜಾರ್ಡನ್ ಒಬ್ಬನ ಕೈಯಲ್ಲಿಯೇ ನಿಲ್ಲದೆ ಐವರಲ್ಲಿಯೂ ಸುತ್ತಾಡಬೇಕೆಂಬುದು ಅದರ ಸಾರ. ಅಂದರೆ ಪಿಪ್ಪನ್, ಗ್ರಾಂಟ್ ಮೊದಲಾದವರು ಚೆಂಡನ್ನು ಹಿಡಿದು ತಾವೇ ತೀರ್ಮಾನ ಮಾಡಬೇಕು. ತೀರ್ಮಾನ ಮಾಡಬೇಕಾದವನು ತಪ್ಪಿಯೂ ತಪ್ಪುವನು. 1990ರಲ್ಲಿ ಡೆಟ್ರಾಯಿಟಿನ ಮೇಲೆ ಏಳನೆಯ ಪಂದ್ಯ, ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಆ ದಿನ ಪಿಪ್ಪನ್‌ಗೆ ಅಸಾಧ್ಯವಾದ ತಲೆನೋವು. ಹತ್ತು ಸಲ ಎಸೆದು ಒಂದೇ ಸಲ ಬುಟ್ಟಿಗೆ ಹಾಕಿದನು. 93ಕ್ಕೆ 74ರಂತೆ ಷಿಕಾಗೋ ಸೋತಿತು. ಹುಡುಗನಿಗೆ ಎದೆಗಾರಿಕೆಯಿಲ್ಲವೆಂದು ಮೂದಲಿಸುವವರಿಗೆ ಕೊರತೆಯಿರಲಿಲ್ಲ. ಜ್ಯಾಕ್ಸನ್ ಅವರು ಪದ್ಧತಿಯನ್ನೂ ಬಿಡಲಿಲ್ಲ, ಹುಡುಗನನ್ನೂ ಬಿಡಲಿಲ್ಲ. ಮರುವರ್ಷ ಅದೇ ಡೆಟ್ರಾಯಿಟನ್ನು ನಾಲ್ಕಕ್ಕೆ ನಾಲ್ಕು ಪಂದ್ಯಗಳಲ್ಲಿಯೂ ಸೋಲಿಸಿ, 1991ರಲ್ಲಿ ಷಿಕಾಗೋ ಮೊದಲ ಬಾರಿಗೆ ಚಾಂಪಿಯನ್ ಆಯಿತು. 1998ರೊಳಗೆ ಇನ್ನೂ ಐದು ಸಲ ಆಯಿತು. ಆ ಆರು ಸಲವೂ ಜಾರ್ಡನ್‌ನ ಪಕ್ಕದಲ್ಲಿದ್ದವನು ಪಿಪ್ಪನ್.

ಕಾಲಿನ್ಸ್ ಅವರ ಶ್ರಮವು ಇದರಿಂದ ಹಾಳಾಯಿತೆಂದು ತಿಳಿಯಬಾರದು. ಅಕ್ಷರಾಭ್ಯಾಸ ಮಾಡಿಸಿದ ಉಪಾಧ್ಯಾಯನೇ ಕಾವ್ಯವನ್ನೂ ಪಾಠ ಹೇಳಬೇಕೆಂಬ ನಿಯಮವಿಲ್ಲ. ಆದರೆ ಹುಡುಗನು ಯಾವ ತರಗತಿಗೆ ಏರಿದನೆಂಬುದನ್ನು ಗುರುತಿಸಿ ತನ್ನ ರೀತಿಯನ್ನು ಬದಲಾಯಿಸಿಕೊಳ್ಳಬಲ್ಲ ಗುರುವು ದೊರೆತರೆ ಅದಕ್ಕಿಂತ ಭಾಗ್ಯವಿಲ್ಲ. ಅಂತಹ ಭಾಗ್ಯವು ದೊರೆತ ತಂಡವೇ ನಮ್ಮ ಕೊನೆಯ ನಿದರ್ಶನವಾದ ಒಕ್ಲಹೋಮ ಸಿಟಿ.

2020ರ ನವೆಂಬರ್‌ನಲ್ಲಿ ಆ ತಂಡಕ್ಕೆ ಮಾರ್ಕ್ ಡೇಗ್ನಾಲ್ಟ್ ಎಂಬ 35 ವರ್ಷದವರು ಶಿಕ್ಷಕರಾದರು. ಅವರು ಈ ಸಂಘದಲ್ಲಿ ಆಟಗಾರರಾಗಿದ್ದವರಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಅಲ್ಲಿಯ ತಂಡದ ವ್ಯವಸ್ಥೆಯನ್ನು ನೋಡಿಕೊಳ್ಳುವ ವಿದ್ಯಾರ್ಥಿಯಾಗಿದ್ದರು. ಆಮೇಲೆ ಒಕ್ಲಹೋಮ ಸಿಟಿಯ ಕಿರಿಯ ತಂಡವನ್ನು ಐದು ವರ್ಷ ಬೆಳೆಸಿದ್ದರು. ಹುಡುಗರನ್ನು ತಿದ್ದುವುದೇ ಅವರ ಕಸುಬು. ಹಿರಿಯ ತಂಡದಲ್ಲಿ ಮೊದಲ ವರ್ಷ 22 ಗೆಲುವು, ಎರಡನೆಯ ವರ್ಷ 24. ಎರಡು ವರ್ಷಗಳಲ್ಲಿ 108 ಸೋಲು. 2021ರ ಡಿಸೆಂಬರ್ 2ರಂದು ಮೆಂಫಿಸ್ ತಂಡವು ಅವರನ್ನು 152ಕ್ಕೆ 79ರಂತೆ ಸೋಲಿಸಿತು. ಅಂತರ 73 ಅಂಕ. ಎನ್.ಬಿ.ಎ. ಚರಿತ್ರೆಯಲ್ಲಿ ಅಷ್ಟು ದೊಡ್ಡ ಸೋಲನ್ನು ಅದಕ್ಕೆ ಮೊದಲು ಯಾವ ತಂಡವೂ ಕಂಡಿರಲಿಲ್ಲ. ಮುಖ್ಯ ಆಟಗಾರರಲ್ಲಿ ಕೆಲವರು ಆ ದಿನ ಅಂಗಣದಲ್ಲಿರಲಿಲ್ಲವೆಂಬುದು ನಿಜ. ಆದರೂ ಆ ರಾತ್ರಿ ಆ ಬೆಂಚಿನ ಬಳಿ ನಿಂತಿದ್ದವನ ಅವಸ್ಥೆಯನ್ನು ನೀವೇ ಊಹಿಸಿಕೊಳ್ಳಿ.

ಆಡಳಿತದವರು ಅವರನ್ನು ತೆಗೆಯಲಿಲ್ಲ. ಅವರು ಹುಡುಗರನ್ನು ಮುಚ್ಚಿಡಲಿಲ್ಲ. ಈ ದಿನ ಇವನು, ನಾಳೆ ಅವನು ಎಂಬಂತೆ ಬೇರೆಬೇರೆ ಹುಡುಗರಿಗೆ ಚೆಂಡನ್ನು ಒಪ್ಪಿಸಿ, ಬೇರೆಬೇರೆ ಐವರನ್ನು ಕೂಡಿಸಿ ಆಡಿಸಿ, ಯಾರಿಗೆ ಯಾವುದು ಬರುವುದೆಂಬುದನ್ನು ಪರೀಕ್ಷಿಸುತ್ತಿದ್ದರು. ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಆರಿಸದಿದ್ದ ಲುಗೆಂಟ್ಜ್ ಡಾರ್ಟ್ ಎಂಬ ಹುಡುಗನು ಅಲ್ಲಿ ಪ್ರಖ್ಯಾತ ತಡೆಗಾರನಾದನು. 2022ರಲ್ಲಿ ಹನ್ನೆರಡನೆಯ ಆಯ್ಕೆಯಾಗಿ ಬಂದ ಜೇಲನ್ ವಿಲಿಯಮ್ಸ್ ಮೂರೇ ವರ್ಷಗಳಲ್ಲಿ ಶ್ರೇಷ್ಠರ ಸಾಲಿಗೆ ಸೇರಿದನು. ಅದೇ ವರ್ಷ ಎರಡನೆಯ ಆಯ್ಕೆಯಾಗಿ ಬಂದ ಚೆಟ್ ಹೋಮ್‌ಗ್ರನ್‌ಗೆ ಪಾದದ ಗಾಯವಾಯಿತು. ಆತನಿಗೆ ಒಂದು ವರ್ಷಪೂರ್ತಿ ವಿಶ್ರಾಂತಿ ಕೊಡಲಾಯಿತು. ಶೇ ಗಿಲ್ಜಸ್ ಅಲೆಗ್ಜಾಂಡರ್ ಎಂಬ ನಾಯಕನು ಈ ಎಲ್ಲರ ನಡುವೆ ಬೆಳೆದನು.

ಮುಂದಿನ ಲೆಕ್ಕವನ್ನು ಕೇಳಿ. ಮೂರನೆಯ ವರ್ಷ 40 ಗೆಲುವು, ನಾಲ್ಕನೆಯ ವರ್ಷ 57, ಐದನೆಯ ವರ್ಷ 68. 2024ರಲ್ಲಿ ಡೇಗ್ನಾಲ್ಟ್ ಅವರಿಗೆ ವರ್ಷದ ಶಿಕ್ಷಕನೆಂಬ ಪ್ರಶಸ್ತಿ. 2024–25ರಲ್ಲಿ ಎದುರಾಳಿಯನ್ನು ತಡೆಯುವುದರಲ್ಲಿ ಅವರದೇ ಮೊದಲನೆಯ ತಂಡ. ಆ ವರ್ಷದ ನಿರ್ಣಾಯಕ ಘಟ್ಟದ ಮೊದಲ ಪಂದ್ಯದಲ್ಲಿ ಎದುರಾದುದು ಅದೇ ಮೆಂಫಿಸ್. ಈ ಸಲ ಒಕ್ಲಹೋಮ 131, ಮೆಂಫಿಸ್ 80. 2025ರ ಜೂನ್ 22ರಂದು ಇಂಡಿಯಾನ ತಂಡವನ್ನು ಏಳನೆಯ ಪಂದ್ಯದಲ್ಲಿ ಸೋಲಿಸಿ ಒಕ್ಲಹೋಮ ಸಿಟಿ ಚಾಂಪಿಯನ್ ಆಯಿತು. 73 ಅಂಕಗಳ ಸೋಲಿಗೂ ಈ ಕಿರೀಟಕ್ಕೂ ನಡುವೆ ಕಳೆದುದು ಮೂರೂವರೆ ವರ್ಷ. ಶಿಕ್ಷಕನು ಮಾತ್ರ ಅವನೇ.

ಅದೃಷ್ಟದ ಪಾಲೂ ಇದರಲ್ಲಿ ಉಂಟೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಗಿಲ್ಜಸ್ ಅಲೆಗ್ಜಾಂಡರ್‌ನಂತಹ ಆಟಗಾರನು ಎಲ್ಲ ತಂಡಗಳಿಗೂ ದೊರೆಯುವುದಿಲ್ಲ. ಆದರೆ ಮಿನ್ನೆಸೋಟಕ್ಕೂ ಫಿಲಡೆಲ್ಫಿಯಕ್ಕೂ ಪ್ರತಿಭೆಯ ಕೊರತೆಯಿರಲಿಲ್ಲ. ಕೊರತೆಯಿದ್ದುದು ತಪ್ಪಿನೊಡನೆ ನಡೆದುಕೊಳ್ಳುವ ರೀತಿಯಲ್ಲಿ. ಒಂದು ಕಡೆ ತಪ್ಪಿಗೆ ಕಾಲಾವಕಾಶವಿರಲಿಲ್ಲ. ಇನ್ನೊಂದು ಕಡೆ ಕಾಲಾವಕಾಶವಿದ್ದೂ ತಿದ್ದುಪಡಿ ನಾಟಲಿಲ್ಲ. ಎಳೆಯ ತಂಡಕ್ಕೆ ಒಪ್ಪುವ ಶಿಕ್ಷಕನೆಂದರೆ ತಪ್ಪುವುದಕ್ಕೆ ಅವಕಾಶ ಕೊಟ್ಟು, ಆ ತಪ್ಪನ್ನು ವ್ಯರ್ಥವಾಗಗೊಡದವನು. ನನ್ನ ಮಾತಿನ ಸಾರವೆಲ್ಲವೂ ಇಷ್ಟೇ.

ಇಂತಹವನನ್ನು ಗುರುತಿಸುವುದು ಹೇಗೆ? ಗೆಲುವು ಸೋಲುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೂರು ಸಂಗತಿಗಳನ್ನು ಗಮನಿಸಬಹುದು. ತಂಡದ ಅತ್ಯಂತ ಕಿರಿಯನು ತಪ್ಪುಮಾಡಿದ ಮೇಲೆ ಮತ್ತೆ ಅದೇ ಪ್ರಯತ್ನವನ್ನು ಮಾಡಲು ಧೈರ್ಯಪಡುವನೇ, ಇಲ್ಲವೇ ಚೆಂಡನ್ನು ಮುಟ್ಟಲೇ ಹೆದರುವನೇ ಎಂಬುದು ಮೊದಲನೆಯದು. ಕಳೆದ ವರ್ಷ ಮಾಡಿದ ತಪ್ಪನ್ನೇ ಈ ವರ್ಷವೂ ಮಾಡುತ್ತಿರುವನೇ, ಅಥವಾ ಹೊಸ ತಪ್ಪುಗಳಿಗೆ ಏರಿರುವನೇ ಎಂಬುದು ಎರಡನೆಯದು. ಹೊಸ ತಪ್ಪು ಬೆಳವಣಿಗೆಯ ಗುರುತು, ಹಳೆಯ ತಪ್ಪು ಕಲಿಸುವವನ ಸೋಲು. ಹೆಸರಿಲ್ಲದೆ ಬಂದ ಹುಡುಗನೊಬ್ಬನು ಆ ಶಿಕ್ಷಕನ ಕೈಯಲ್ಲಿ ಹೆಸರು ಪಡೆದನೇ ಎಂಬುದು ಮೂರನೆಯದು. ಪ್ರಸಿದ್ಧನಾಗಿ ಬಂದವನು ಪ್ರಸಿದ್ಧನಾಗಿಯೇ ಉಳಿದರೆ ಅದರಲ್ಲಿ ಗುರುವಿನ ಪಾಲು ಎಷ್ಟೆಂದು ಹೇಳುವುದು ಕಷ್ಟ.

ಶಿಕ್ಷಕನನ್ನು ನೇಮಿಸುವವರಿಗೂ ಒಂದು ಕರ್ತವ್ಯವುಂಟು. ಬಿತ್ತುವುದಕ್ಕೆಂದು ಕರೆದವನನ್ನು ಮರುತಿಂಗಳೇ ‘ಕಾಳೆಲ್ಲಿ?’ ಎಂದು ಕೇಳಬಾರದು. ಬೆಳೆಸಲು ಬೇಕಾದ ಕಾಲವೆಷ್ಟು ಎಂಬುದನ್ನು ಮೊದಲೇ ಮಾತಾಡಿಕೊಂಡು, ಆಡಿದ ಮಾತಿಗೆ ತಾವೂ ನಿಲ್ಲಬೇಕು. ಶಿಕ್ಷಕನೊಬ್ಬನ ಕೈಗೇ ಇಂದಿನ ಗೆಲುವನ್ನೂ ನಾಳಿನ ಹುಡುಗರ ಭವಿಷ್ಯವನ್ನೂ ಕೊಟ್ಟು ಕೊಳ್ಳುವ ಅಧಿಕಾರವನ್ನೂ ಒಟ್ಟಿಗೆ ಒಪ್ಪಿಸಿದರೆ, ಇಂದಿನ ಹಸಿವು ನಾಳಿನ ಬೀಜವನ್ನು ತಿಂದುಹಾಕುವ ಭಯವಿದೆ.

ಇಪ್ಪತ್ತು ವರ್ಷದ ಹುಡುಗನಿಗೆ ಆಟದ ಆಯುಷ್ಯವೆಂಬುದು ಸಾಮಾನ್ಯವಾಗಿ ಹದಿನೈದು ವರ್ಷಕ್ಕಿಂತ ಹೆಚ್ಚಲ್ಲ. ಅದರಲ್ಲಿ ಕಲಿಯುವ ಕಾಲ ಮೂರೋ ನಾಲ್ಕೋ ವರ್ಷ. ಒಪ್ಪದ ಕೈಗೆ ಸಿಕ್ಕಿ ಆ ಕಾಲವು ಹಾಳಾದರೆ ಸಂಘವು ಇನ್ನೊಬ್ಬ ಹುಡುಗನನ್ನು ಆರಿಸಿಕೊಳ್ಳುವುದು, ಊರು ಇನ್ನೊಂದು ತಂಡವನ್ನು ಹೊಗಳುವುದು. ಆ ಹುಡುಗನಿಗೆ ಮಾತ್ರ ಆ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಆದುದರಿಂದ ನಿಮ್ಮ ಊರಿನ ಶಾಲೆಯ ತಂಡವು ಮುಂದಿನ ಸಲ ಸೋತು ಬಂದಾಗ, ಎಷ್ಟು ಅಂಕಗಳಿಂದ ಸೋತಿರೆಂದು ಕೇಳುವುದಕ್ಕೆ ಮೊದಲು, ಈ ಸೋಲಿನಿಂದ ಏನು ತಿಳಿದುಬಂತೆಂದು ಹುಡುಗರನ್ನು ಕೇಳಿರಿ. ಅವರು ಉತ್ತರ ಹೇಳಬಲ್ಲವರಾದರೆ ಅವರ ಗುರುವನ್ನು ಬಿಡಬೇಡಿರಿ.